ದೇವನಹಳ್ಳಿಯಿಂದ ಮರೆಯಾದ ಬಣ್ಣಗಳು

2008ರ ಮೇ ತಿಂಗಳ ಒಂದು ರಾತ್ರಿ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದ ಪ್ರಯಾಣಿಕ ವಿಮಾನಗಳೆಲ್ಲ ದೇವನಹಳ್ಳಿಯ ಹೊಸ ವಿಮಾನ ನಿಲ್ದಾಣಕ್ಕೆ ಬಂದವು. ಅವುಗಳಲ್ಲಿ ಎರಡು ವಿಮಾನ ಕಂಪನಿಗಳ ಬಣ್ಣಗಳು ಬೆಂಗಳೂರಿನವೇ. ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 2003ರಲ್ಲಿ ಹಾರಿಸಿದ ಏರ್ ಡೆಕ್ಕನ್ನಿನ ನೀಲಿ–ಹಳದಿ ಒಂದು, 2005ರಲ್ಲಿ ಹೊರಟ ಕಿಂಗ್‌ಫಿಷರ್‌ನ ಕೆಂಪು ಇನ್ನೊಂದು. ಡೆಕ್ಕನ್ 2008ರಲ್ಲೇ ಕಿಂಗ್‌ಫಿಷರ್ ರೆಡ್ ಆಯಿತು. 2012ರಲ್ಲಿ ಕಿಂಗ್‌ಫಿಷರೇ ನೆಲ ಹಿಡಿಯಿತು.

ಅಳಿದ ಈ ಬಣ್ಣಗಳು ಫ್ಲೈಟ್ ಸಿಮ್ಯುಲೇಟರ್ ಆಡುವವರ ಕಂಪ್ಯೂಟರ್‌ನಲ್ಲಿ ಉಳಿದುಕೊಂಡವು. ವಿಮಾನದ ಮೈಯನ್ನು ಹಾಳೆಯಂತೆ ಬಿಡಿಸಿಟ್ಟ ಚಿತ್ರವೇ ಟೆಕ್ಸ್ಚರ್. ಅದರ ಮೇಲೆ ಬೇರೊಂದು ಕಂಪನಿಯ ಬಣ್ಣ ಬಳಿಯುವ ಕೆಲಸಕ್ಕೆ ರೀಪೇಂಟ್ ಎಂದು ಹೆಸರು. ಯಾವ ಸಾಫ್ಟ್‌ವೇರ್ ಹಿಡಿಯಬೇಕು ಎಂಬ ಪ್ರಶ್ನೆ ಅಲ್ಲಿಂದಲೇ ಶುರು.

ವಿಂಡೋಸ್ ಜೊತೆ ಬರುತ್ತಿದ್ದ ಹಳೆಯ ಪೇಂಟ್ ಇದಕ್ಕೆ ಸಾಲುತ್ತಿರಲಿಲ್ಲ. ಅದರಲ್ಲಿ ಬಣ್ಣಗಳನ್ನು ಒಂದರ ಮೇಲೊಂದು ಪದರವಾಗಿ ಇಡುವ ಲೇಯರ್ ಇರಲಿಲ್ಲ, ಆಲ್ಫಾ ಚಾನೆಲ್ ಕೂಡ ಇರಲಿಲ್ಲ. 2003 ಮತ್ತು 2006ರ ಮೈಕ್ರೋಸಾಫ್ಟ್ ಸಿಮ್ಯುಲೇಟರ್‌ಗಳಲ್ಲಿ ಲೋಹದ ಮೈ ಎಷ್ಟು ಮಿನುಗಬೇಕೆಂದು ಹೇಳುತ್ತಿದ್ದುದು ಆಲ್ಫಾ ಚಾನೆಲ್ಲೇ. ಅದು ತಪ್ಪಿದರೆ ಕಿಂಗ್‌ಫಿಷರ್ ಕೆಂಪು ಕನ್ನಡಿಯಾಗುತ್ತಿತ್ತು, ಇಲ್ಲವೇ ಸುಣ್ಣ ಬಳಿದ ಗೋಡೆಯಾಗುತ್ತಿತ್ತು.

1990ರಲ್ಲಿ ಬಂದ ಫೋಟೋಶಾಪ್‌ಗೆ ಇದೆಲ್ಲ ಬರುತ್ತಿತ್ತು. ವಿಮಾನದ ಮಾದರಿ ಮಾಡುವವರು ಕೊಡುವ ಪೇಂಟ್ ಕಿಟ್‌ಗಳೂ ಹೆಚ್ಚಾಗಿ ಪಿಎಸ್‌ಡಿ ಫೈಲುಗಳೇ. ಆದರೆ ಅದು ದುಬಾರಿ, ಹವ್ಯಾಸಕ್ಕೆ ಅಷ್ಟು ಹಣ ಸುರಿಯುವುದು ಎಲ್ಲರಿಗೂ ಆಗದು. 1996ರಲ್ಲಿ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು ಹೊರತಂದ ಗಿಂಪ್ ಉಚಿತ. ಕಲಿಯುವುದು ಸ್ವಲ್ಪ ಕಷ್ಟ, ಆಲ್ಫಾ ಮಾತ್ರ ಪೂರ್ತಿ ಕೈಗೆ ಸಿಗುತ್ತದೆ. 2004ರಲ್ಲಿ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಪೇಂಟ್ ಡಾಟ್ ನೆಟ್ ಸುಲಭ, ಆದರೆ ಆಲ್ಫಾ ತಿದ್ದಲು ಪ್ಲಗಿನ್ ಹುಡುಕಬೇಕು. ಕೈಯಲ್ಲಿ ಹಣವಿಲ್ಲದ, ತಾಳ್ಮೆಯಿರುವ ಹುಡುಗನಿಗೆ ಗಿಂಪೇ ಸರಿ.

ನಿಜವಾದ ಪರೀಕ್ಷೆ ಡೆಕ್ಕನ್ನಿನದು. ಮೈಸೂರಿನಲ್ಲಿ ಹುಟ್ಟಿದ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಅವರ ‘ಶ್ರೀಸಾಮಾನ್ಯ’ನೇ ಆ ಕಂಪನಿಯ ಗುರುತಾಗಿದ್ದ. ಅವನ ಚೌಕುಳಿ ಕೋಟು ರೀಪೇಂಟ್ ಮಾಡುವವನ ಕೈ ಕಟ್ಟಿಹಾಕುತ್ತದೆ. ಏರ್‌ಬಸ್ ಎ320ರ ಉದ್ದ 37.57 ಮೀಟರ್. ಅದನ್ನು 1024 ಪಿಕ್ಸೆಲ್‌ಗಳಲ್ಲಿ ಹಿಡಿಸಿದರೆ ಒಂದೊಂದು ಪಿಕ್ಸೆಲ್‌ಗೂ 3.7 ಸೆಂಟಿಮೀಟರ್ ಬೀಳುತ್ತದೆ. ಅದಕ್ಕಿಂತ ತೆಳುವಾದ ಗೆರೆ ಮಸುಕಾಗುತ್ತದೆ. ಸಾಲದ್ದಕ್ಕೆ ಟೆಕ್ಸ್ಚರ್ ಉಳಿಸುವ ಡಿಡಿಎಸ್ ಫೈಲಿನ ಡಿಎಕ್ಸ್‌ಟಿ ಸಂಕೋಚನ ಚಿತ್ರವನ್ನು ನಾಲ್ಕು ಪಿಕ್ಸೆಲ್ ಅಗಲ, ನಾಲ್ಕು ಪಿಕ್ಸೆಲ್ ಎತ್ತರದ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿಗೂ ಎರಡು ಮೂಲ ಬಣ್ಣಗಳನ್ನಷ್ಟೇ ಬಿಡುತ್ತದೆ. ಹಾಗಾಗಿ ಇಂಥ ಗೆರೆಚಿತ್ರವನ್ನು ಇಂಕ್‌ಸ್ಕೇಪ್‌ನಂಥ ವೆಕ್ಟರ್ ಸಾಫ್ಟ್‌ವೇರ್‌ನಲ್ಲಿ ಬಿಡಿಸಿ, ಬೇಕಾದ ಅಳತೆಗೆ ತಂದು ಅಂಟಿಸುವುದೇ ಜಾಣತನ.

ದೇವನಹಳ್ಳಿಯ ಬಣ್ಣಗಳು ಮರೆಯಾಗುವುದು ಅಷ್ಟಕ್ಕೇ ನಿಲ್ಲಲಿಲ್ಲ. 2014ರ ಜೂನ್ 12ರಂದು ದೇವನಹಳ್ಳಿಯಿಂದ ಗೋವಾಕ್ಕೆ ಮೊದಲ ಬಾರಿ ಹಾರಿದ ಏರ್‌ಏಷ್ಯಾ ಇಂಡಿಯಾ 2024ರಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನೊಳಗೆ ಸೇರಿಹೋಯಿತು.

ಇತ್ತ ಸಿಮ್ಯುಲೇಟರೂ ಬದಲಾಯಿತು. 2020ರ ಮೈಕ್ರೋಸಾಫ್ಟ್ ಸಿಮ್ಯುಲೇಟರ್‌ನಲ್ಲಿ ಒರಟುತನ, ಲೋಹದ ಗುಣ ಎಲ್ಲಕ್ಕೂ ಬೇರೆ ಚಾನೆಲ್ ಬಂತು, ಟೆಕ್ಸ್ಚರ್ 4096 ಪಿಕ್ಸೆಲ್‌ಗೆ ಹಿಗ್ಗಿತು. ಲೇಯರ್‌ಗಳಿರುವ ಪಿಎಸ್‌ಡಿ ಅಥವಾ ಗಿಂಪ್‌ನ ಎಕ್ಸ್‌ಸಿಎಫ್ ಫೈಲನ್ನು ಕಾಪಾಡಿಕೊಂಡವರಿಗೆ ಹಳೆಯ ಡೆಕ್ಕನ್ನನ್ನು ಹೊಸ ಎ320ಕ್ಕೆ ಹೊಂದಿಸಿಕೊಳ್ಳಲು ಬುನಾದಿಯಾದರೂ ಇತ್ತು. ಬರೀ ಡಿಡಿಎಸ್ ಇಟ್ಟುಕೊಂಡವರು ಕೋಟಿನ ಚೌಕುಳಿಯಿಂದ ಹಿಡಿದು ಮತ್ತೆ ಬಿಡಿಸಬೇಕಾಯಿತು.