ಅರ್ಧ ದಿನದ ಮೇಜು

ವಿದೇಶದಲ್ಲಿ ಓದಿ ಬಂದವರ ಕಥೆ ಹೇಳುವುದಕ್ಕೆ ನಮ್ಮಲ್ಲಿ ಒಂದು ಸಿದ್ಧ ಅಚ್ಚಿದೆ. ಅಂಜುಬುರುಕ ಹುಡುಗಿ ಹಡಗು ಹತ್ತುತ್ತಾಳೆ. ಚಳಿ, ಒಂಟಿತನ, ಅರ್ಥವಾಗದ ಉಚ್ಚಾರಣೆ ಎಲ್ಲವನ್ನೂ ದಾಟಿ, ಕೆಲವು ವರ್ಷಗಳ ನಂತರ ಆತ್ಮವಿಶ್ವಾಸದ ಹೆಣ್ಣಾಗಿ ಮರಳುತ್ತಾಳೆ. ಬೆಂಗಳೂರಿನವರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಹೊರದೇಶಕ್ಕೆ ಹೋದ ಇಬ್ಬರ ಬದುಕನ್ನು ಈ ಅಚ್ಚಿನಲ್ಲಿ ಕೂರಿಸಲು ಹೋದರೆ ಅದು ಕೂರುವುದಿಲ್ಲ. ಒಬ್ಬರು ಕಮಲಾ ಸೊಹೊನಿ, ಇನ್ನೊಬ್ಬರು ರಾಜೇಶ್ವರಿ ಚಟರ್ಜಿ.

ಕಮಲಾ ಭಾಗವತ್ (ಮದುವೆಗೆ ಮುಂಚಿನ ಹೆಸರು) 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಿಂದ ರಸಾಯನ ಮತ್ತು ಭೌತವಿಜ್ಞಾನಗಳಲ್ಲಿ ಬಿ.ಎಸ್‌ಸಿ. ಮುಗಿಸಿ ಬೆಂಗಳೂರಿನ ಸಂಸ್ಥೆಗೆ ಅರ್ಜಿ ಹಾಕಿದರು. ಅವರ ತಂದೆಯೂ ಚಿಕ್ಕಪ್ಪನೂ ಅದೇ ಸಂಸ್ಥೆಯಲ್ಲಿ ರಸಾಯನಶಾಸ್ತ್ರ ಕಲಿತವರು. ಆದರೂ ಅರ್ಜಿ ತಿರಸ್ಕೃತವಾಯಿತು. ಹೆಣ್ಣು ಎನ್ನುವುದೇ ಕಾರಣ. ಆಗ ನಿರ್ದೇಶಕರಾಗಿದ್ದವರು 1930ರ ನೊಬೆಲ್ ಪುರಸ್ಕೃತ ಸಿ.ವಿ. ರಾಮನ್. ಕಮಲಾ ಸುಮ್ಮನೆ ಮನೆಗೆ ಮರಳಲಿಲ್ಲ. ಗಾಂಧಿಯವರ ಚಳವಳಿಯನ್ನು ನೋಡುತ್ತಾ ಬೆಳೆದ ಹುಡುಗಿ. ಸತ್ಯಾಗ್ರಹದ ಹಟ ಹಿಡಿದು, ತನಗೆ ಪ್ರವೇಶ ಏಕಿಲ್ಲವೆಂದು ರಾಮನ್ನರನ್ನೇ ಕೇಳಿದರು. ಕೊನೆಗೆ ಪ್ರವೇಶವೇನೋ ಸಿಕ್ಕಿತು, ಆದರೆ ಷರತ್ತುಗಳ ಸಮೇತ. ಮೊದಲ ವರ್ಷ ಅವರು ಪೂರ್ಣ ಪ್ರಮಾಣದ ವಿದ್ಯಾರ್ಥಿಯಲ್ಲ, ಪರೀಕ್ಷಾರ್ಥವಾಗಿ ಇರಬೇಕು. ಅವರ ಇರುವಿಕೆಯಿಂದ ಗಂಡಸರ ಕೆಲಸ ಕೆಡಬಾರದು.

ಆ ವರ್ಷ ಶ್ರೀನಿವಾಸಯ್ಯ ಎಂಬ ಕಟ್ಟುನಿಟ್ಟಿನ ಗುರುವಿನ ಕೈಕೆಳಗೆ ಕಮಲಾ ದುಡಿದರು. ಹಾಲು, ಬೇಳೆಕಾಳುಗಳಲ್ಲಿರುವ ಪ್ರೋಟೀನು ಅವರ ವಿಷಯ. ವರ್ಷ ಕಳೆದ ಮೇಲೆ ರಾಮನ್ ತೃಪ್ತರಾಗಿ ಅವರನ್ನು ವಿದ್ಯಾರ್ಥಿಯೆಂದು ಒಪ್ಪಿಕೊಂಡರು. ಮುಂದೆ ಬೇರೆ ಹೆಣ್ಣುಮಕ್ಕಳಿಗೂ ಆ ಬಾಗಿಲು ತೆರೆಯಿತು. ಕಮಲಾ ಮಾತ್ರ ಆ ಅವಮಾನವನ್ನು ಇಳಿವಯಸ್ಸಿನವರೆಗೂ ಮರೆಯಲಿಲ್ಲ. ಅದನ್ನು ಬಹಿರಂಗವಾಗಿಯೇ ನೆನೆದರು.

ಅವರು ಕೇಂಬ್ರಿಜ್‌ಗೆ ಹೋದದ್ದು ಇದಾದ ನಂತರ, 1937ರಲ್ಲಿ. ನೊಬೆಲ್ ವಿಜೇತನಾದ ನಿರ್ದೇಶಕನೊಂದಿಗೆ ವಾದಿಸಿ ಗೆದ್ದವಳಿಗೆ ಧೈರ್ಯವನ್ನು ಇಂಗ್ಲೆಂಡು ಹೊಸದಾಗಿ ಕೊಡಬೇಕಾಗಿರಲಿಲ್ಲ. ಹಾಗಾದರೆ ಅದು ಕೊಟ್ಟದ್ದೇನು? ಫ್ರೆಡರಿಕ್ ಹಾಪ್ಕಿನ್ಸ್ ಕಟ್ಟಿದ್ದ ಜೀವರಸಾಯನ ವಿಭಾಗ ಆಗ ವಿದ್ಯಾರ್ಥಿಗಳಿಂದ ತುಂಬಿಹೋಗಿತ್ತು. ಕಮಲಾಗೆ ಜಾಗವಿರಲಿಲ್ಲ. ಡೆರೆಕ್ ರಿಕ್ಟರ್ ಎಂಬ ಸಂಶೋಧಕ ತನ್ನ ಮೇಜನ್ನು ಹಗಲಿನಲ್ಲಿ ಆಕೆ ಬಳಸಲಿ, ತಾನು ರಾತ್ರಿ ಕೆಲಸ ಮಾಡುತ್ತೇನೆ ಎಂದ. ಅರ್ಧ ದಿನದ ಮೇಜು, ಅಷ್ಟೆ. ಬೆಂಗಳೂರಿನಲ್ಲಿ ಸಿಕ್ಕ ಜಾಗಕ್ಕೆ ಷರತ್ತುಗಳ ಪಟ್ಟಿಯಿತ್ತು, ಕೇಂಬ್ರಿಜ್‌ನ ಅರ್ಧ ಮೇಜಿಗೆ ಏನೂ ಇರಲಿಲ್ಲ. ರಿಕ್ಟರ್ ಬೇರೆಡೆಗೆ ಹೋದ ಮೇಲೆ ಕಮಲಾ ಸಸ್ಯಗಳ ಮೇಲೆ ಕೆಲಸ ಮಾಡುತ್ತಿದ್ದ ರಾಬಿನ್ ಹಿಲ್ ಅವರ ಜೊತೆ ಸೇರಿದರು. ಆಲೂಗೆಡ್ಡೆಯನ್ನು ಪರೀಕ್ಷಿಸುತ್ತಾ, ಜೀವಕೋಶದ ಉಸಿರಾಟಕ್ಕೆ ಬೇಕಾದ ‘ಸೈಟೋಕ್ರೋಮ್ ಸಿ’ ಸಸ್ಯಗಳಲ್ಲೂ ಇದೆಯೆಂದು ತೋರಿಸಿದರು. 1939ರಲ್ಲಿ ಪಿಎಚ್.ಡಿ. ಸಿಕ್ಕಿತು. ಪ್ರಬಂಧ ಕೇವಲ ನಲವತ್ತು ಪುಟಗಳದ್ದು. ವಿಜ್ಞಾನದಲ್ಲಿ ಪಿಎಚ್.ಡಿ. ಪಡೆದ ಭಾರತದ ಮೊದಲ ಮಹಿಳೆ ಎಂದು ಅವರನ್ನು ಗುರುತಿಸುವುದು ಈಗ ವಾಡಿಕೆ.

ಕಮಲಾ ಬಾಗಿಲು ತಟ್ಟಿದ ಹತ್ತು ವರ್ಷಗಳ ನಂತರ, 1943ರಲ್ಲಿ, ಅದೇ ಅಂಗಳಕ್ಕೆ ರಾಜೇಶ್ವರಿ ಬಂದರು. ಹುಟ್ಟಿದ್ದು 1922ರಲ್ಲಿ, ನಂಜನಗೂಡಿನಲ್ಲಿ. ಅಜ್ಜಿ ಕಮಲಮ್ಮ ದಾಸಪ್ಪ ಹಳೆಯ ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಹೆಣ್ಣುಮಕ್ಕಳ, ಅದರಲ್ಲೂ ವಿಧವೆಯರ ಓದಿಗಾಗಿ ಶ್ರಮಿಸಿದವರು. ಅಜ್ಜಿಯೇ ಓದಿದ ಮನೆಯಲ್ಲಿ ಮೊಮ್ಮಗಳ ಓದು ಜಗಳದ ವಿಷಯವಾಗಲಿಲ್ಲ. ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಮೈಸೂರು ವಿಶ್ವವಿದ್ಯಾಲಯಕ್ಕೆ ಮೊದಲ ರ‍್ಯಾಂಕ್ ಪಡೆದು, ರಾಮನ್ನರ ಬಳಿ ಸಂಶೋಧನೆಗೆ ಅವಕಾಶ ಕೇಳಿದರು. ಭೌತವಿಜ್ಞಾನದ ಪದವಿ ಇಲ್ಲವೆಂಬ ಕಾರಣಕ್ಕೆ ಅದು ಸಿಗಲಿಲ್ಲ. ವಿದ್ಯುತ್ ವಿಭಾಗಕ್ಕೆ ಸೇರಿ ಸಂಪರ್ಕ ತಂತ್ರಜ್ಞಾನ ಹಿಡಿದರು.

1946ರಲ್ಲಿ ದೆಹಲಿಯ ಮಧ್ಯಂತರ ಸರ್ಕಾರ ಪ್ರತಿಭಾವಂತ ವಿದ್ಯಾರ್ಥಿಗಳಿಗೆ ಕೊಟ್ಟ ವಿದ್ಯಾರ್ಥಿವೇತನಕ್ಕೆ ಅವರು ಆಯ್ಕೆಯಾದರು. ಮರುವರ್ಷ, ಅಂದರೆ ದೇಶ ಸ್ವತಂತ್ರವಾದ ವರ್ಷ, ಮದುವೆಯಾಗದ ಇಪ್ಪತ್ತೈದರ ಹುಡುಗಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿ, ಬಳಿಕ ವಾಷಿಂಗ್ಟನ್‌ನ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಎಂಟು ತಿಂಗಳ ತರಬೇತಿ. ಮುಂದಿನ ಓದಿಗೆ 1949ರಲ್ಲಿ ಬಾರ್ಬರ್ ವಿದ್ಯಾರ್ಥಿವೇತನ ನೆರವಾಯಿತು.

ಈ ವಿದ್ಯಾರ್ಥಿವೇತನದ ಹಿಂದೆಯೂ ಒಂದು ಕಥೆಯಿದೆ. ಮಿಶಿಗನ್‌ನಲ್ಲಿ ವೈದ್ಯ ಕಲಿತು 1896ರಲ್ಲಿ ಪದವಿ ಪಡೆದ ಚೀನದ ಇಬ್ಬರು ಹೆಣ್ಣುಮಕ್ಕಳು ತಾಯ್ನಾಡಿಗೆ ಮರಳಿ ಮಾಡುತ್ತಿದ್ದ ಕೆಲಸ ಲೆವಿ ಬಾರ್ಬರ್ ಎಂಬ ವಕೀಲನ ಮನಸ್ಸಿಗೆ ನಾಟಿತು. ಏಷ್ಯಾದ ಹೆಣ್ಣುಮಕ್ಕಳು ಬಂದು ಓದಿ ಮರಳಲಿ ಎಂದು ಆತ 1917ರಲ್ಲಿ ನಿಧಿಯಿಟ್ಟ. ತಲಶ್ಶೇರಿಯ ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಕೂಡ ಇದೇ ವೇತನದಿಂದ ಅಲ್ಲಿ ಓದಿದವರು. ಅಂದರೆ ರಾಜೇಶ್ವರಿ ಅಲ್ಲಿ ಒಂಟಿ ಅಪವಾದವಾಗಿರಲಿಲ್ಲ. ತನಗಿಂತ ಮೊದಲೇ ನಡೆದವರ ಕಾಲುದಾರಿ ಇತ್ತು. ಆತ್ಮವಿಶ್ವಾಸವೆಂದರೆ ಒಳಗಿನ ಬೆಂಕಿ ಎಂದು ನಾವು ಮಾತಾಡುತ್ತೇವೆ. ಯಾರೋ ಮೊದಲೇ ಹಾಕಿಟ್ಟ ಸೌದೆಯ ಲೆಕ್ಕ ಬಿಟ್ಟುಹೋಗುತ್ತದೆ.

1953ರ ಆರಂಭದಲ್ಲಿ ವಿಲಿಯಂ ಡೌ ಅವರ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಮುಗಿಸಿದ ರಾಜೇಶ್ವರಿ ಅದೇ ವರ್ಷ ಬೆಂಗಳೂರಿನ ಸಂಸ್ಥೆಗೆ ಅಧ್ಯಾಪಕಿಯಾಗಿ ಮರಳಿದರು. ಸಹೋದ್ಯೋಗಿ ಶಿಶಿರ್ ಕುಮಾರ್ ಚಟರ್ಜಿಯವರನ್ನು ಮದುವೆಯಾದರು. ಇಬ್ಬರೂ ಸೇರಿ ಮೈಕ್ರೋವೇವ್ ಸಂಶೋಧನೆಯ ಪ್ರಯೋಗಾಲಯ ಕಟ್ಟಿದರು. ರಾಡಾರ್, ವಿಮಾನಗಳ ಆಂಟೆನಾಗಳಿಗೆ ಬೇಕಾದ ಈ ವಿದ್ಯೆಯಲ್ಲಿ ರಾಜೇಶ್ವರಿ 20 ಮಂದಿಯ ಪಿಎಚ್.ಡಿ.ಗೆ ಮಾರ್ಗದರ್ಶಕರಾದರು. 1982ರಲ್ಲಿ ನಿವೃತ್ತರಾದ ಮೇಲೆ ಮಹಿಳಾ ಅಧ್ಯಯನದತ್ತ ತಿರುಗಿದರು, 2010ರಲ್ಲಿ ತೀರಿಕೊಂಡರು.

ಕಮಲಾ ಅವರ ಮರಳುವಿಕೆ ಇಷ್ಟು ನೇರವಾಗಿರಲಿಲ್ಲ. ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜು, ಕೂನೂರಿನ ಪೋಷಣಾ ಸಂಶೋಧನಾಲಯ, ಕೊನೆಗೆ ಮುಂಬಯಿಯ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್. ನೀರಾದಲ್ಲಿರುವ ಪೌಷ್ಟಿಕಾಂಶಗಳ ಮೇಲೆ ಅವರು ಮಾಡಿದ ಕೆಲಸಕ್ಕೆ ರಾಷ್ಟ್ರಪತಿಗಳ ಪ್ರಶಸ್ತಿ ಬಂತು. ಆದರೆ ಮುಂಬಯಿಯ ಸಂಸ್ಥೆಯ ನಿರ್ದೇಶಕ ಹುದ್ದೆ ಸಲ್ಲಬೇಕಾದ ಕಾಲಕ್ಕೆ ಸಲ್ಲಲಿಲ್ಲ, ವರ್ಷಗಳು ತಡವಾಯಿತು. ಕೇಂಬ್ರಿಜ್‌ನ ಪದವಿಯಾಗಲಿ, ಅಲ್ಲಿ ಗಟ್ಟಿಯಾದ ಮನಸ್ಸಾಗಲಿ ಈ ತಡೆಯನ್ನು ಕರಗಿಸಲಿಲ್ಲ.

ಇಬ್ಬರಿಗೂ ಓದಿದ ಮನೆ, ಬೆನ್ನಿಗೆ ನಿಂತ ಹಿರಿಯರು ಇದ್ದರು. ಆ ಕಾಲದ ಬಹುಪಾಲು ಹೆಣ್ಣುಮಕ್ಕಳಿಗೆ ಇವು ದಕ್ಕಿರಲಿಲ್ಲ. ಅವರ ಧೈರ್ಯ ಯಾವ ಬಾಗಿಲವರೆಗೂ ತಲುಪದೆ ಹೋಯಿತು. ಹೋದ ಇಬ್ಬರಿಗೆ ಪರದೇಶ ಕೊಟ್ಟದ್ದು, ತಮ್ಮ ಕೆಲಸವನ್ನು ಕೆಲಸವಾಗಿಯೇ ತೂಗಿ ನೋಡಿದ ಕೆಲವು ವರ್ಷಗಳನ್ನು. ಒಮ್ಮೆ ಹಾಗೆ ತೂಗಿಸಿಕೊಂಡವರಿಗೆ ತಮ್ಮ ತೂಕ ಗೊತ್ತಿರುತ್ತದೆ. ಮರಳಿದ ಮೇಲೆ ಬೇರೆಯವರು ತಕ್ಕಡಿಯನ್ನು ತಿರುಚಿದರೆ ತಪ್ಪು ತಕ್ಕಡಿಯದೆಂದು ತಿಳಿಯುತ್ತದೆ. ಇಂದು ಹೊರಡುವ ಮಕ್ಕಳನ್ನು ‘ಧೈರ್ಯವಾಗಿರು’ ಎಂದು ಬೀಳ್ಕೊಡುವ ನಾವು, ಅವರು ಮರಳಿ ಬಂದಾಗ ಕೆಲಸಕ್ಕೆ ಒಂದು ಮೇಜು ಸಿದ್ಧವಿದೆಯೇ ಎಂದೂ ಕೇಳಿಕೊಳ್ಳಬೇಕು.