ಬಿಲವಾಸಿ ಸೀಗಡಿಗಳ ಲಕ್ಷಣವಿಚಾರ

ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವಗಳೆಂಬ ಮೂರು ದೋಷಗಳನ್ನು ನಮ್ಮ ತಾರ್ಕಿಕರು ಹೇಳಿರುವರು. ಕಪಿಲವರ್ಣವೇ ಗೋವಿನ ಲಕ್ಷಣವೆಂದರೆ ಬಿಳಿಯ ಹಸು ಹೊರಗುಳಿಯುವುದು. ಕೊಂಬೇ ಲಕ್ಷಣವೆಂದರೆ ಎಮ್ಮೆಯೂ ಒಳಸೇರುವುದು. ಒಂಟಿಗೊರಸು ಲಕ್ಷಣವೆಂದರೆ ಅದು ಯಾವ ಹಸುವಿಗೂ ಸಲ್ಲದು. ಈ ವಿವೇಕವು ತರ್ಕಶಾಲೆಗೆ ಮಾತ್ರ ಮೀಸಲಾದುದಲ್ಲ. ಕಡಲತಡಿಯ ಕೆಸರಿನಲ್ಲಿ ಬಿಲ ತೋಡಿ ಬಾಳುವ ಒಂದು ಕ್ಷುದ್ರಜಂತುವಿನ ಶಾಸ್ತ್ರಚರಿತ್ರೆಯೇ ಇದಕ್ಕೆ ಸಾಕ್ಷಿ.

ಮೈಬಣ್ಣವು ಮಂಕಾಗಿ, ಒಳಗಿನ ಅವಯವಗಳು ಹೊರಗೆ ತೋರುವಂತಿರುವುದರಿಂದ ಆಂಗ್ಲರು ಇದನ್ನು ಭೂತಸೀಗಡಿ ಎಂದು ಕರೆಯುವರು. 1808ರಲ್ಲಿ ಜಾರ್ಜ್ ಮಾಂಟಗು ಅವರು ಇಂಗ್ಲೆಂಡಿನ ಡೆವನ್ ತೀರದಲ್ಲಿ ದೊರೆತ ಒಂದು ಜಾತಿಯನ್ನು ವರ್ಣಿಸಿ, ‘ನೆಲದೊಳಗಿನದು’ ಎಂಬರ್ಥದ ಲ್ಯಾಟಿನ್ ವಿಶೇಷಣವನ್ನು ಕೊಟ್ಟರು. ಆದರೆ ಗಣ ಮಾತ್ರ ಏಡಿಗಳ ಹಳೆಯ ಗಣವೇ ಆಗಿತ್ತು. 1814ರಲ್ಲಿ ವಿಲಿಯಂ ಎಲ್ಫರ್ಡ್ ಲೀಚ್ ಅವರು ಪ್ರತ್ಯೇಕ ಗಣವನ್ನೇರ್ಪಡಿಸಿ ‘ಕಲ್ಲಿಯಾನಸ್ಸ’ ಎಂದು ಹೆಸರಿಟ್ಟರು. ಹೋಮರನ ‘ಇಲಿಯಡ್’ ಕಾವ್ಯದ 18ನೆಯ ಭಾಗದಲ್ಲಿ ಬರುವ ಸಮುದ್ರಕನ್ಯೆಯೊಬ್ಬಳ ಹೆಸರಿದು.

ಅನಂತರ ಅಮೆರಿಕದ ಶಾಂತಸಾಗರ ತೀರದ ಜಾತಿಗಳು ಬೆಳಕಿಗೆ ಬಂದವು. ಜೇಮ್ಸ್ ಡ್ವೈಟ್ ಡೇನ ಅವರು 1852ರಲ್ಲಿ ‘ಗೈಗಸ್’ ಎಂಬುದನ್ನೂ 1854ರಲ್ಲಿ ‘ಕ್ಯಾಲಿಫೋರ್ನಿಯೆನ್ಸಿಸ್’ ಎಂಬುದನ್ನೂ ನಿರೂಪಿಸಿದರು. 1991ರಲ್ಲಿ ಮ್ಯಾನಿಂಗ್ ಮತ್ತು ಫೆಲ್ಡರ್ ಅವರು ಇವೆರಡನ್ನೂ ‘ನಿಯೋಟ್ರೈಪಿಯ’ ಎಂಬ ಹೊಸ ಗಣಕ್ಕೆ ಸೇರಿಸಿದರು. ಗಣದ ಹೆಸರು ಬದಲಾಯಿತು; ಆದರೆ ಒಂದೇ ಕೆಸರುಬಯಲಿನಲ್ಲಿ ಕೂಡಿ ವಾಸಿಸುವ ಇವೆರಡನ್ನೂ ಬೇರ್ಪಡಿಸುವುದೆಂತು ಎಂಬ ಪ್ರಶ್ನೆ ಉಳಿಯಿತು.

ಬಿಲವಾಸವೇ ಲಕ್ಷಣವೆಂದರೆ, ಅದೇ ತೀರದ ‘ಉಪೊಜೀಬಿಯ’ ಎಂಬ ಕೆಸರುಸೀಗಡಿಯಲ್ಲಿ ಅತಿವ್ಯಾಪ್ತಿ. ಇದರ ಮುಂಗಾಲಿನ ಇಕ್ಕುಳಗಳೆರಡೂ ಸಮಾನ, ನೆತ್ತಿಯ ಮುಂಚಾಚು ರೋಮಮಯ. ಭೂತಸೀಗಡಿಯ ಇಕ್ಕುಳಗಳಾದರೋ ವಿಷಮವಾದುವು. ಇನ್ನು ಡೇನರ ಎರಡು ಜಾತಿಗಳಲ್ಲಿ, ಪ್ರೌಢ ಗಂಡಿನ ದೊಡ್ಡ ಇಕ್ಕುಳವು ಮುಚ್ಚಿದಾಗಲೂ ಬೆರಳುಗಳ ನಡುವೆ ಅಗಲವಾದ ತೆರಪು ಉಳಿದರೆ ಅದು ಕ್ಯಾಲಿಫೋರ್ನಿಯೆನ್ಸಿಸ್. ಕಣ್ಣಿಗೆ ಥಟ್ಟನೆ ಬೀಳುವ ಗುರುತೇನೋ ಹೌದು. ಆದರೆ ಹೆಣ್ಣುಗಳಲ್ಲಿಯೂ ಮರಿಗಳಲ್ಲಿಯೂ ಇದು ಕಾಣದು. ಇದೇ ಅವ್ಯಾಪ್ತಿ. ಆದುದರಿಂದ ಕಣ್ಣಿನ ಕಾಂಡಗಳನ್ನು ನೋಡಬೇಕು. ಕ್ಯಾಲಿಫೋರ್ನಿಯೆನ್ಸಿಸ್‌ನಲ್ಲಿ ಅವುಗಳ ತುದಿ ಚೂಪಾಗಿ ಹೊರಕ್ಕೆ ಕವಲೊಡೆದಿರುವುದು, ಗೈಗಸ್‌ನಲ್ಲಿ ಮೊಂಡಾಗಿರುವುದು. 2010ರಲ್ಲಿ ಪರ್ನೆಟ್ ಮತ್ತು ಸಂಗಡಿಗರು ಇಂತಹ ಅಂಗಲಕ್ಷಣಗಳನ್ನು ಆನುವಂಶಿಕ ದ್ರವ್ಯದ ಪರೀಕ್ಷೆಯೊಡನೆ ಹೋಲಿಸಿ ನೋಡಿದರು.

ಇದು ಬರಿಯ ಪಾಂಡಿತ್ಯವಿನೋದವೆಂದು ಭಾವಿಸಬಾರದು. ವಾಷಿಂಗ್ಟನ್ ಸಂಸ್ಥಾನದ ವಿಲಾಪ ಕೊಲ್ಲಿಯಲ್ಲಿ ಈ ಜಂತುಗಳು ಕೆಸರನ್ನು ಸಡಿಲಗೊಳಿಸುವುದರಿಂದ ಸಿಂಪಿಗಳು ಹುಗಿದುಹೋಗುವುವು. ಸಿಂಪಿಯ ಬೇಸಾಯಗಾರರು 1960ರ ದಶಕದಿಂದ ಹಲವು ದಶಕಗಳ ಕಾಲ ಅಲ್ಲಿ ‘ಕಾರ್ಬರಿಲ್’ ಎಂಬ ವಿಷವನ್ನು ಚಿಮುಕಿಸಿದರು. ಭೂತಸೀಗಡಿಯನ್ನೂ ಕೆಸರುಸೀಗಡಿಯನ್ನೂ ‘ಬಿಲ ತೋಡುವ ಸೀಗಡಿ’ ಎಂಬ ಒಂದೇ ಹೆಸರಿನಲ್ಲಿ ಲೆಕ್ಕವಿಟ್ಟರೆ ಒಂದರ ಹೆಚ್ಚಳದಲ್ಲಿ ಇನ್ನೊಂದರ ಅಳಿವು ಮರೆಯಾಗುವುದು. ಕೆಸರುಸೀಗಡಿಯಂತೂ ಒಂದು ಪರೋಪಜೀವಿಯ ಬಾಧೆಯಿಂದ ಆ ತೀರದ ಹಲವೆಡೆ ಕ್ಷೀಣಿಸಿದೆ.

ಎದ್ದು ಕಾಣುವ ಗುರುತೇ ಲಕ್ಷಣವಲ್ಲ. ಗಂಡುಹೆಣ್ಣು, ಎಳೆದುಬಲಿತುದು ಎನ್ನದೆ ಜಾತಿಯ ಎಲ್ಲ ವ್ಯಕ್ತಿಗಳಲ್ಲಿಯೂ ಇದ್ದು ಅನ್ಯತ್ರ ಇಲ್ಲದಿರುವುದೇ ಲಕ್ಷಣ. ಕವಿಯೊಬ್ಬನ ಶೈಲಿಯನ್ನು ಅವನ ಒಂದೆರಡು ಪ್ರೌಢಪದ್ಯಗಳಿಂದಲೇ ನಿರ್ಣಯಿಸಹೊರಡುವ ನಮಗೂ ಈ ಮಾತು ಸಲ್ಲತಕ್ಕುದಾಗಿದೆ.