ಸೈಕ್ಲೋಡೆಕ್ಸ್‌ಟ್ರಿನ್: ಔಷಧವನ್ನು ಹೊತ್ತೊಯ್ಯುವ ಪಿಷ್ಟದ ಉಂಗುರ

ಹಾವೇರಿ, ರಾಣೆಬೆನ್ನೂರು ಸೀಮೆಯ ಪ್ರಮುಖ ಬೆಳೆ ಗೋವಿನಜೋಳ. ಬ್ಯಾಡಗಿಯ ಹೆಸರು ಮೆಣಸಿನಕಾಯಿಯೊಂದಿಗೆ ಬೆಸೆದುಕೊಂಡಿದೆ. ಔಷಧ ವಿಜ್ಞಾನದಲ್ಲಿ ಈ ಎರಡಕ್ಕೂ ನಂಟು ಕಲ್ಪಿಸುವ ವಸ್ತುವೇ ಸೈಕ್ಲೋಡೆಕ್ಸ್‌ಟ್ರಿನ್.

ಗೋವಿನಜೋಳ ಮೊದಲಾದವುಗಳ ಪಿಷ್ಟದ ಮೇಲೆ ಕೆಲವು ಬ್ಯಾಕ್ಟೀರಿಯಾಗಳ ಕಿಣ್ವ ವರ್ತಿಸಿದಾಗ ಗ್ಲೂಕೋಸ್ ಘಟಕಗಳು ಉಂಗುರವಾಗಿ ಬೆಸೆದುಕೊಳ್ಳುತ್ತವೆ. ಫ್ರಾನ್ಸಿನ ವಿಲಿಯರ್ಸ್ 1891ರಲ್ಲಿ ಇದನ್ನು ಮೊದಲು ವರದಿ ಮಾಡಿದರು. ಆರು ಘಟಕಗಳದ್ದು ಆಲ್ಫಾ, ಏಳರದ್ದು ಬೀಟಾ, ಎಂಟರದ್ದು ಗಾಮಾ. ತಳವಿಲ್ಲದ ಬಟ್ಟಲಿನಂತಿರುವ ಈ ಅಣುವಿನ ಹೊರಮೈ ನೀರಿಗೆ ಒಲಿಯುತ್ತದೆ. ಒಳಪೊಳ್ಳು ಜಿಡ್ಡಿನ ಗುಣದ ಅಣುಗಳಿಗೆ ಆಶ್ರಯ ನೀಡುತ್ತದೆ. ಆದ್ದರಿಂದಲೇ ಇದಕ್ಕೆ ‘ಆತಿಥೇಯ ಅಣು’ ಎಂಬ ಹೆಸರು.

ನೀರಿನಲ್ಲಿ ಕರಗದ ಔಷಧ ರಕ್ತಕ್ಕೆ ಸೇರುವುದು ಕಷ್ಟ. ಅಂಥ ಔಷಧವನ್ನು ಈ ಉಂಗುರದೊಳಗಿರಿಸಿದರೆ ಅದು ಕರಗುತ್ತದೆ. ದೇಹದ ದ್ರವಗಳಲ್ಲಿ ತೆಳುವಾದಾಗ ಬಿಡುಗಡೆಯಾಗುತ್ತದೆ. ಕಹಿ ರುಚಿಯನ್ನು ಮರೆಮಾಚಲೂ ಇದೇ ಉಪಾಯ ನೆರವಾಗುತ್ತದೆ. ಶಿಲೀಂಧ್ರನಾಶಕ ಇಟ್ರಾಕೊನಜೋಲ್‌ನ ದ್ರವರೂಪ ಇದಕ್ಕೊಂದು ನಿದರ್ಶನ. ಕೋವಿಡ್ ಕಾಲದಲ್ಲಿ, 2021ರಲ್ಲಿ, ರೋಗಿಗಳ ಬಂಧುಗಳು ಅಲೆದಾಡಿ ಹುಡುಕಿದ ರೆಮ್‌ಡೆಸಿವಿರ್ ಚುಚ್ಚುಮದ್ದಿನಲ್ಲೂ ಇದರ ಮಾರ್ಪಡಿಸಿದ ರೂಪವಿತ್ತು. ಮೂಲ ತಯಾರಿಕೆಯ ಪುಡಿರೂಪದಲ್ಲಿ 100 ಮಿಲಿಗ್ರಾಂ ಔಷಧಕ್ಕೆ 3 ಗ್ರಾಂ ಸೈಕ್ಲೋಡೆಕ್ಸ್‌ಟ್ರಿನ್ ಬೇಕಾಗಿತ್ತು.

ಉಂಗುರವೇ ಔಷಧವಾದ ಉದಾಹರಣೆಯೂ ಉಂಟು. ಗಾಮಾ ರೂಪದಿಂದ ರಚಿಸಿದ ಸುಗಮ್ಮಾಡೆಕ್ಸ್, ಶಸ್ತ್ರಚಿಕಿತ್ಸೆಯ ವೇಳೆ ಸ್ನಾಯುಗಳನ್ನು ಸಡಿಲಿಸಲು ನೀಡಿದ ರೊಕುರೋನಿಯಂ ಅಣುಗಳನ್ನು ಸೆರೆಹಿಡಿದು ರೋಗಿಯ ಸ್ನಾಯುಶಕ್ತಿಯನ್ನು ಬೇಗ ಮರಳಿಸುತ್ತದೆ. ಇದಕ್ಕೆ ಯುರೋಪಿನಲ್ಲಿ 2008ರಲ್ಲಿ, ಅಮೆರಿಕದಲ್ಲಿ 2015ರಲ್ಲಿ ಅನುಮತಿ ದೊರೆಯಿತು.

ಇನ್ನು ಮೆಣಸಿನಕಾಯಿಯ ವಿಚಾರ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬ್ಯಾಡಗಿ ತಳಿ ಕಡುಗೆಂಪು ಬಣ್ಣಕ್ಕೆ, ಕಡಿಮೆ ಖಾರಕ್ಕೆ ಹೆಸರಾದುದು. ಖಾರದ ಮೂಲವಾದ ಕ್ಯಾಪ್ಸೈಸಿನ್ ನೋವುನಿವಾರಕ ಮುಲಾಮುಗಳಲ್ಲಿ ಬಳಕೆಯಲ್ಲಿದೆ. ಆದರೆ ಅದು ನೀರಿನಲ್ಲಿ ಅಷ್ಟಾಗಿ ಕರಗದು, ಚರ್ಮಕ್ಕೆ ಉರಿ ತರುತ್ತದೆ. ಕಾಯಿಯ ಕೆಂಪು ವರ್ಣದ್ರವ್ಯ ಬೆಳಕು, ಗಾಳಿಗೆ ಮಾಸುತ್ತದೆ. ಇವೆರಡನ್ನೂ ಸೈಕ್ಲೋಡೆಕ್ಸ್‌ಟ್ರಿನ್‌ನಲ್ಲಿ ಅಡಗಿಸಿಡುವ ಪ್ರಯೋಗಗಳು ನಡೆದಿವೆ.

ಈ ವಿಧಾನಕ್ಕೆ ಮಿತಿಗಳೂ ಇವೆ. ಪೊಳ್ಳಿಗಿಂತ ದೊಡ್ಡದಾದ ಅಣು ಪೂರ್ತಿಯಾಗಿ ಒಳಹೊಗದು. ಹೆಚ್ಚು ಪ್ರಮಾಣದ ಔಷಧವಾದರೆ ಮಾತ್ರೆಯ ಗಾತ್ರ ಮಿತಿಮೀರುತ್ತದೆ. ಸಹಜ ಬೀಟಾ ರೂಪ ಮೂತ್ರಪಿಂಡಕ್ಕೆ ಹಾನಿಕರವಾದ್ದರಿಂದ ಚುಚ್ಚುಮದ್ದಿಗೆ ಸಲ್ಲದು. ಅಲ್ಲಿ ಮಾರ್ಪಡಿಸಿದ ರೂಪಗಳನ್ನೇ ಬಳಸಲಾಗುತ್ತದೆ. ಅವೂ ಮೂತ್ರದ ಮೂಲಕವೇ ಹೊರಹೋಗುವುದರಿಂದ, ಮೂತ್ರಪಿಂಡ ದುರ್ಬಲವಾಗಿರುವ ರೋಗಿಗಳ ವಿಷಯದಲ್ಲಿ ವೈದ್ಯರ ಎಚ್ಚರಿಕೆ ಅಗತ್ಯ.